ಯಜ್ಞನಾರಾಯಣರ ಎರಡು ನಿಮಿಷ

ಭದ್ರಾವತಿಯ ಆ ಪುಟ್ಟ ಗ್ರಂಥಾಲಯಕ್ಕೆ ಯಜ್ಞನಾರಾಯಣರು ಕೆಲಸಕ್ಕೆ ಸೇರಿದಾಗ ತಲೆ ತುಂಬ ಕೂದಲಿತ್ತು. ನಿವೃತ್ತರಾಗುವ ಹೊತ್ತಿಗೆ ಅದೂ ನಿವೃತ್ತಿಯಾಗಿತ್ತು. ಅಷ್ಟೂ ವರ್ಷ ಅವರು ಬಯಸಿದ್ದು ಒಂದನ್ನೇ: ತಾವು ‘ಶ್’ ಅನ್ನದೆ, ವಾಚನಾಲಯ ತಾನಾಗಿ ಎರಡು ನಿಮಿಷ ಸುಮ್ಮನಿರಬೇಕು. ಬಡ್ತಿ ಕೇಳಿದವರಲ್ಲ, ಸನ್ಮಾನ ಕೇಳಿದವರಲ್ಲ. ಕೇಳಿದ್ದು ಇಷ್ಟೇ, ಅದೂ ಸಿಗಲಿಲ್ಲ.

ಸಿಗದಿರಲು ಮುಖ್ಯ ಕಾರಣ ವೀರಪ್ಪ. ಕಾರ್ಖಾನೆಯಲ್ಲಿ ಯಂತ್ರಗಳ ಪಕ್ಕ ನಿಂತು ನಿಂತು ಕಿವಿ ಮಂದ ಮಾಡಿಕೊಂಡಿದ್ದ ಈ ಪುಣ್ಯಾತ್ಮ ಪೇಪರನ್ನು ಗಟ್ಟಿಯಾಗಿ ಓದುತ್ತಿದ್ದ. ಅಡಿಕೆ ಧಾರಣೆಯಿಂದ ಹಿಡಿದು ಟೆಂಡರ್ ಪ್ರಕಟಣೆಯವರೆಗೆ ಎಲ್ಲವೂ ಎಲ್ಲರಿಗೂ ಕೇಳಬೇಕು. ‘ಶ್’ ಅಂದರೆ ತಲೆಯೆತ್ತಿ, “ನಾನೇನ್ ಮಾತಾಡ್ತಿದೀನಾ ಸಾರ್? ಓದ್ತಾ ಇದೀನಿ” ಎನ್ನುತ್ತಿದ್ದ. ಅದಕ್ಕೆ ಯಾವ ನಿಯಮದಲ್ಲೂ ಉತ್ತರವಿರಲಿಲ್ಲ.

ಅಲ್ಲಿ ಕ್ಷೇಮಸಮಾಚಾರ ವಿಚಾರಿಸುವುದೂ ನಿಷಿದ್ಧ. ಹೀಗಾಗಿ ದಿನವೂ ಎದುರುಬದುರು ಕೂರುವವರಿಗೆ ಒಬ್ಬರ ಮನೆ ಇನ್ನೊಬ್ಬರಿಗೆ ಗೊತ್ತಿಲ್ಲ. ಯಾರಾದರೂ ಬಹಳ ದಿನ ಬಾರದಿದ್ದರೆ ತೀರಿಕೊಂಡಿರಬೇಕೆಂದು ಭಾವಿಸಿ, ಅವರ ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿ, ಎಲ್ಲರೂ ಎದ್ದು ಎರಡು ನಿಮಿಷ ಮೌನ ಆಚರಿಸುವುದು. ಈ ಪದ್ಧತಿ ಹಾಕಿಕೊಟ್ಟವರು ಯಜ್ಞನಾರಾಯಣರೇ. ಗಡಿಯಾರ ನೋಡಿ “ಸಾಕು” ಎನ್ನುವವರೂ ಅವರೇ. ಆ ಎರಡು ನಿಮಿಷವನ್ನೂ ವೀರಪ್ಪ ನೆಟ್ಟಗೆ ಬಿಡುತ್ತಿರಲಿಲ್ಲ; ನಡುವೆ “ಆಯ್ತಾ ಸಾರ್?” ಎಂದು ಕೇಳಿಯೇ ಕೇಳುತ್ತಿದ್ದ. ಹೀಗೆ ಮೌನ ಆಚರಿಸಿಕೊಂಡವರಲ್ಲಿ ಕೆಲವರು ಮಗಳ ಬಾಣಂತನ ಮುಗಿಸಿ ಹೊಳೆಹೊನ್ನೂರಿನಿಂದ ಗಟ್ಟಿಮುಟ್ಟಾಗಿ ವಾಪಸ್ ಬಂದದ್ದೂ ಉಂಟು. ಆಗ ಕುರ್ಚಿ ತಿರುಗಿಸಿ, ಮಾತಿಲ್ಲದೆ ಪೇಪರ್ ಕೊಡಲಾಗುತ್ತಿತ್ತು.

ನಿವೃತ್ತಿಯಾದರೂ ಯಜ್ಞನಾರಾಯಣರು ಶಿವಮೊಗ್ಗದ ವಿನೋಬನಗರದ ಮನೆಯಿಂದ ದಿನವೂ ಬಸ್ಸು ಹತ್ತಿ ಭದ್ರಾವತಿಗೇ ಬಂದು, ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತು ಪೇಪರ್ ಓದುತ್ತಿದ್ದರು. ಹೆಂಡತಿ ವೇದಾ, “ಅದೇ ಪೇಪರ್ ಇಲ್ಲೂ ಸಿಗತ್ತಲ್ರೀ” ಅಂದು ಅಂದು ಕೈಬಿಟ್ಟಿದ್ದರು. ಈಚೆಗೆ ಕಣ್ಣಿನ ಪೊರೆಯ ಆಪರೇಷನ್ ಆಯಿತು. ಡಾಕ್ಟರು ಓದಬಾರದು ಅಂದರು. ಓದದವನಿಗೆ ವಾಚನಾಲಯದಲ್ಲೇನು ಕೆಲಸ ಎಂದು ಇವರು ಮನೆಯಲ್ಲೇ ಉಳಿದರು. ವಿಷಯವನ್ನು ಅಲ್ಲಿ ಯಾರಿಗೂ ಹೇಳಿರಲಿಲ್ಲ. ಸ್ವಂತ ನಿಯಮವನ್ನು ತಾವೇ ಮುರಿಯುವ ಪೈಕಿಯಲ್ಲ ಅವರು.

ಡಾಕ್ಟರು ಹೂಂ ಅಂದ ದಿನ ಕಪ್ಪು ಕನ್ನಡಕ ಹಾಕಿಕೊಂಡು ಹೊರಟೇಬಿಟ್ಟರು. ಬಸ್ಸು ಶಿವಮೊಗ್ಗದ ಅಂಚಿನ ಮಲವಗೊಪ್ಪ ದಾಟುವಷ್ಟರಲ್ಲೇ ಎದ್ದು ಬಾಗಿಲ ಬಳಿ ನಿಂತಿದ್ದರು.

ವಾಚನಾಲಯದೊಳಗೆ ಎಲ್ಲರೂ ಕಣ್ಣು ಮುಚ್ಚಿ ನಿಂತಿದ್ದಾರೆ. ‘ಪಾಪ, ಯಾರೋ’ ಎಂದುಕೊಂಡು ಯಜ್ಞನಾರಾಯಣರೂ ಹಿಂದೆ ನಿಂತು ತಲೆ ಬಗ್ಗಿಸಿದರು. ಆಮೇಲೆ ಯಾರಿರಬಹುದೆಂದು ಕಣ್ಣು ಹಾಯಿಸಿದರೆ ಎಲ್ಲರೂ ಇದ್ದರು. ಗೋಡೆಯ ಕಡೆ ತಿರುಗಿದ್ದದ್ದು ಕಿಟಕಿ ಪಕ್ಕದ ಕುರ್ಚಿ. ಫೋಟೋ ಯಾರ ಬಳಿಯೂ ಇಲ್ಲದ್ದರಿಂದ ‘ಸದ್ದು ಮಾಡಬೇಡಿ’ ಎಂಬ ಬೋರ್ಡನ್ನೇ ಗೋಡೆಯಿಂದ ಇಳಿಸಿ, ಕುರ್ಚಿಯ ಮೇಲಿಟ್ಟು, ಸೇವಂತಿಗೆ ಹಾರ ಹಾಕಿದ್ದರು.

ಅಯ್ಯೋ, ನಾನು ಬದುಕಿದ್ದೇನೆ ಎನ್ನಲು ಬಾಯಿ ತೆರೆದರು. ಅಷ್ಟರಲ್ಲಿ ಅವರಿಗೆ ಕೇಳಿಸಿತು, ಅಂದರೆ ಏನೂ ಕೇಳಿಸಲಿಲ್ಲ. ಒಂದು ಕೆಮ್ಮಿಲ್ಲ, ಹಾಳೆ ಮಗುಚುವ ಸದ್ದಿಲ್ಲ. ವೀರಪ್ಪ ಎಲ್ಲರಿಗಿಂತ ಮುಂದೆ ಕೈಮುಗಿದು ನಿಂತಿದ್ದ. ಕೆನ್ನೆಯ ಮೇಲೆ ನೀರಿಳಿಯುತ್ತಿತ್ತು, ಬಾಯಿ ಮಾತ್ರ ಭದ್ರ. “ಆಯ್ತಾ” ಎಂದು ಕೇಳಲೇ ಇಲ್ಲ. ಬದುಕಿದ್ದೇನೆ ಎನ್ನಬೇಕಾದರೆ ಸದ್ದು ಮಾಡಬೇಕು. ಯಜ್ಞನಾರಾಯಣರು ಬಾಯಿ ಮುಚ್ಚಿಕೊಂಡರು. ಮದುವೆಯ ದಿನವೂ ಅವರಿಗೆ ಇಷ್ಟು ಸಂತೋಷವಾಗಿರಲಿಲ್ಲ.

ಆಗ ಅವರ ಜೇಬಿನಲ್ಲಿ ಫೋನು ಬಡಿದುಕೊಂಡಿತು. ವೇದಾ ಸದ್ದನ್ನು ಪೂರ್ತಿ ಏರಿಸಿಟ್ಟಿದ್ದರು. ವೀರಪ್ಪನ ಕಿವಿಗೂ ಬಿತ್ತು.

“ಶ್!” ಎಂದ ವೀರಪ್ಪ, ಕಣ್ಣು ಬಿಡದೆಯೇ.

ಯಜ್ಞನಾರಾಯಣರು ಹೊರಗೋಡಿದರು.

“ಕಣ್ಣಿಗೆ ಡ್ರಾಪ್ಸ್ ಹಾಕ್ಕೊಂಡ್ರಾ?” ಎಂದರು ವೇದಾ.

“ಆಮೇಲೆ ಮಾಡು ಮಾರಾಯ್ತಿ. ಒಳಗೆ ಶ್ರದ್ಧಾಂಜಲಿ ನಡೀತಾ ಇದೆ.”

“ಯಾರದ್ದು?”

“ನಂದು.”

“ಸರಿ, ಮುಗಿಸ್ಕೊಂಡು ಡ್ರಾಪ್ಸ್ ಹಾಕ್ಕೊಳ್ಳಿ. ಬರ್ತಾ ಕೊತ್ತಂಬರಿ ಸೊಪ್ಪು ತನ್ನಿ.”

ಮರಳಿ ಒಳಗೆ ಬಂದಾಗ ಎಲ್ಲರೂ ಕಣ್ಣು ಬಿಟ್ಟು ಅವರನ್ನೇ ನೋಡುತ್ತಿದ್ದರು.

“ಬದುಕಿದೀರಾ ಸಾರ್?” ಎಂದ ವೀರಪ್ಪ.

“ಹೂಂ ಕಣಪ್ಪಾ. ಕಣ್ಣಿನ ಆಪರೇಷನ್ ಆಗಿತ್ತು.”

“ಒಳ್ಳೇದಾಯ್ತು ಬಿಡಿ. ಆದ್ರೆ ಫೋನ್ ಆಫ್ ಮಾಡ್ಬಾರ್ದಿತ್ತಾ? ಜೀವಮಾನದಲ್ಲಿ ಒಂದ್ಸಲ ಸರಿಯಾಗ್ ನಿಂತಿದ್ದೆ ನಾನು. ನೀವೇ ಬಂದು ಕೆಡಿಸಿಬಿಟ್ರಲ್ಲ!”

ಯಜ್ಞನಾರಾಯಣರಿಗೆ ನಿಜಕ್ಕೂ ನಾಚಿಕೆಯಾಯಿತು. “ತಪ್ಪಾಯ್ತು ವೀರಪ್ಪ.”

“ಇರ್ಲಿ, ಇನ್ನೊಂದ್ಸಲ ಮಾಡೋಣ. ನೀವೂ ಬಂದು ನಿಂತ್ಕೊಳ್ಳಿ. ಹಾರ ಹೇಗೂ ತಂದಾಗಿದೆ.”

ಯಜ್ಞನಾರಾಯಣರು ಫೋನ್ ಆಫ್ ಮಾಡಿ, ಹಾರ ಹಾಕಿದ ಬೋರ್ಡಿನ ಪಕ್ಕ ನಿಂತರು. ಎಲ್ಲರೂ ಕಣ್ಣು ಮುಚ್ಚಿದರು. ಮತ್ತೆ ಅದೇ ನಿಶ್ಶಬ್ದ. ಅವರಿಗೆ ಅಳು ಬಂತು. ಹೊಸ ಕಣ್ಣು ಉರಿಯಿತು, ಮೂಗು ಸೋರಿತು. ಸದ್ದಾದೀತೆಂದು ಮೂಗನ್ನೂ ಏರಿಸಲಿಲ್ಲ.

ಎರಡು ನಿಮಿಷ ಯಾವಾಗಲೋ ಕಳೆದಿತ್ತು. “ಸಾಕು” ಎನ್ನಬೇಕಾದವರು ಯಜ್ಞನಾರಾಯಣರೇ. ಅವರು ಗಡಿಯಾರ ನೋಡಿದರು, ವೀರಪ್ಪನ ಮುಚ್ಚಿದ ಬಾಯಿ ನೋಡಿದರು, ಏನೂ ಹೇಳದೆ ನಿಂತೇ ಇದ್ದರು.