ಟ್ರ್ಯಾಕ್ಟರ್ ಗಾಲಿಗೆ ಕೀಲೆಣ್ಣೆ

ಕೀಲೆಣ್ಣೆಯ ವಾಸನೆ ಇವತ್ತಿಗೂ ನನಗೆ ಆಗುವುದಿಲ್ಲ. ಹರಳೆಣ್ಣೆಗೆ ಹುಲ್ಲು ಸುಟ್ಟ ಕರಿ ಕಲಸಿ ಬಂಡಿಯ ಅಚ್ಚಿಗೆ ಹಚ್ಚುವ ಆ ಮಸಿಮುದ್ದೆಯನ್ನು ನಮ್ಮಪ್ಪ ಟ್ರ್ಯಾಕ್ಟರಿನ ಮುಂದಿನ ಗಾಲಿಗೂ ಹಚ್ಚುತ್ತಿದ್ದ. ಲೋಕಿಕೆರೆಯ ನಮ್ಮ ಮನೆಗೆ ಟ್ರ್ಯಾಕ್ಟರ್ ಬಂದ ಹೊಸತು, ಅರವತ್ತರ ದಶಕದ ಮಾತು. ಗ್ರೀಸ್ ಡಬ್ಬಿ ಮನೆಯಲ್ಲೇ ಇತ್ತು. ಅದರಲ್ಲಿ ದನದ ಕೊಬ್ಬು ಇರುತ್ತದೆಂದು ದಾವಣಗೆರೆ ಪೇಟೆಯಲ್ಲಿ ಯಾರೋ ಹೇಳಿದ್ದರಂತೆ. ಅಂದಿನಿಂದ ಅಪ್ಪ ಆ ಡಬ್ಬಿಯನ್ನು ಕಾಲಿನಿಂದಲೂ ಮುಟ್ಟಲಿಲ್ಲ. ಯಾರು ಹೇಳಿದರು, ಅವರಿಗೇನು ಗೊತ್ತು ಎಂದು ಕೇಳಿದರೆ ನಾನೇ ಜಾತಿಗೆಟ್ಟವನು.

ಆ ವರ್ಷ ನನ್ನ ಹೆಂಡತಿಗೆ ಸೀಮಂತದ ಕುಬುಸ ಮಾಡಿ, ಚೊಚ್ಚಲ ಹೆರಿಗೆಗೆ ಅವಳ ತವರು ಕಡರನಾಯಕನಹಳ್ಳಿಗೆ ಕಳಿಸಬೇಕಾಗಿತ್ತು. ಬೀಗರ ಮನೆಯ ಮುಂದೆ ಟ್ರ್ಯಾಕ್ಟರ್ ನಿಲ್ಲಿಸಿ ಮೆರೆಯಬೇಕೆಂಬುದು ಅಪ್ಪನ ಆಸೆ. ಬಸುರಿಯನ್ನು ಟ್ರೇಲರಿನಲ್ಲಿ ಕೂರಿಸಿ ಒಯ್ಯುವುದೆಂದು ತಾನೇ ತೀರ್ಮಾನಿಸಿಬಿಟ್ಟ. ಮುಂದಿನ ಎಡಗಾಲಿ ಆಗಲೇ ಕುಡುಕನ ಹಾಗೆ ಓಲಾಡುತ್ತಿತ್ತು. ದಾರಿಯ ಕಾಲುವೆ ಏರಿಯ ಮೇಲೆ ಅದು ಕಳಚಿಕೊಂಡರೆ ತಾಯಿ, ಕೂಸು ಇಬ್ಬರೂ ನೀರಿಗೆ. ಅದನ್ನು ಹೇಳಿದ್ದಕ್ಕೆ, ಶುಭಕಾರ್ಯದಲ್ಲಿ ಅಪಶಕುನ ನುಡಿಯುತ್ತೀಯಾ ಎಂದು ಮನೆಯವರು ನನ್ನ ಬಾಯಿ ಮುಚ್ಚಿಸಿದರು.

ಗಾಲಿ ಬಿಚ್ಚಿದೆ. ಥೂ! ಒಳಗೆ ಹುಲ್ಲಿನ ಎಸಳು, ಮರಳು, ಸತ್ತ ನೊಣ, ನಾರುವ ಕರಿ ಲೋಳೆ. ಬೇರಿಂಗಿನ ಉರುಳೆಗಳು ಸವೆದು ಗುಳಿಬಿದ್ದಿದ್ದವು. ಸೀಮೆಎಣ್ಣೆಯಲ್ಲಿ ಎಷ್ಟು ಉಜ್ಜಿದರೂ ಉಗುರುಸಂದಿಯ ನಾತ ಹೋಗದೆ, ಅಂದು ರೊಟ್ಟಿ ಮುರಿಯಲಾರದೆ ಊಟ ಬಿಟ್ಟು ಎದ್ದೆ. ಗಾಲಿಯನ್ನೇ ಬಸ್ಸಿನ ಮೇಲೆ ಹಾಕಿಕೊಂಡು ಹರಿಹರದ ಒಂದು ವರ್ಕ್‌ಶಾಪಿಗೆ ಒಯ್ದು, ಹಳೆಯ ಬೇರಿಂಗ್ ತೆಗೆಸಿ ಹೊಸದು ಕೂರಿಸಿಕೊಂಡು ಬಂದೆ. ಗ್ರೀಸ್ ತುಂಬಿ, ನಟ್ಟು ಬಿಗಿದು, ಪಿನ್ನು ಹಾಕಿದೆ. ಕೈಯಲ್ಲಿ ತಿರುಗಿಸಿದರೆ ಗಾಲಿ ಸದ್ದಿಲ್ಲದೆ ಸುತ್ತಿತು.

ಹೊರಡುವ ದಿನ ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ಅಪ್ಪ ಆ ಗಾಲಿಯ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದ. ನಾನು ತುಂಬಿದ್ದ ಗ್ರೀಸನ್ನು ಕಡ್ಡಿಯಿಂದ ಕೆರೆದು ತೆಗೆದು, ಕೀಲೆಣ್ಣೆ ಮೆತ್ತಿದ್ದ. ಬಂಡಿಯ ಗಾಲಿ ಅಚ್ಚಿನ ಮೇಲೆ ಒಂಚೂರು ಆಡಬೇಕಲ್ಲ, ಇದೂ ಆಡಲಿ ಎಂದು ನಟ್ಟನ್ನೂ ಸಡಿಲ ಬಿಟ್ಟಿದ್ದ. ಮೇಲೆ ವಿಭೂತಿ ಬಳಿದು ನನ್ನ ಕಡೆ ನೋಡಿ ನಕ್ಕ.

“ಈಗ ಮಡಿ ಆತು ನೋಡು,” ಅಂದ.

ನನಗೆ ಹೇಸಿಗೆಯಾಯಿತು. ಕೀಲೆಣ್ಣೆಗಲ್ಲ, ಆ ನಗುವಿಗೆ. ಸೊಸೆಯ ಜೀವಕ್ಕಿಂತ ಈ ಮನುಷ್ಯನಿಗೆ ತನ್ನ ಮಡಿಯೇ ಹೆಚ್ಚಾಯಿತಲ್ಲ ಎಂದು ಮೈಯೆಲ್ಲ ಉರಿಯಿತು.

ಮಾವನ ಎದುರು ಎಂದೂ ತುಟಿಪಿಟಕ್ಕೆನ್ನದ ನನ್ನ ಹೆಂಡತಿ ಹೊಸಿಲಲ್ಲಿ ನಿಂತು ಎಲ್ಲ ನೋಡಿದ್ದಳು.

“ಮಾವಾರೆ, ಕೀಲೆಣ್ಣೆ ಬಂಡಿಗೆ ಸರಿ ಐತ್ರಿ,” ಅಂದಳು. “ನಂಗೆ ಬಂಡಿನೇ ಕಟ್ಟಿಸ್ರಿ. ಇದರಾಗೆ ನಾ ಕೂಡ್ರಲ್ಲ.”

ಅವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅಪ್ಪನ ಮುಖ ಕೆಂಪೇರಿತು. ಆದರೆ ಉಡಿ ತುಂಬಿಸಿಕೊಂಡು ತವರಿಗೆ ಹೊರಟ ಬಸುರಿಯನ್ನು ಬೈಯುವಂತಿಲ್ಲ. ಆ ಕಟ್ಟಳೆಯನ್ನು ಮೀರುವ ಧೈರ್ಯ ಅವನಿಗೂ ಇರಲಿಲ್ಲ. ಎತ್ತು ಹೂಡಿಸಿದ.

ಬಂಡಿ ನಾನೇ ಹೊಡೆದೆ.  ದಾವಣಗೆರೆ ದಾಟಿ ಹರಿಹರ ಹತ್ತಿರವಾದಾಗ ಅವಳು ಮೆಲ್ಲಗೆ ಹೇಳಿದಳು:

“ಕೂಸಿನ ಕರಕೊಂಡು ಬರೋ ಹೊತ್ತಿಗೆ ಆ ಗಾಲಿ ನಿಮ್ಮ ಕೈಯಾಗೆ ಇರ್ಬೇಕ್ರಿ, ಮಾವಾರ ಕೈಯಾಗಲ್ಲ. ಇಲ್ಲಾಂದ್ರೆ ನಾ ಬರಲ್ಲ.”

ಊರಿಗೆ ಮರಳಿದವನೇ ಕೀಲೆಣ್ಣೆ ತುಂಬಿದ್ದ ಬಿದಿರಿನ ಗೊಟ್ಟವನ್ನು ಅಪ್ಪನ ಕಣ್ಣೆದುರೇ ತಿಪ್ಪೆಗೆ ಎಸೆದೆ. ಅವನು ಕಟ್ಟೆಯಿಂದ ಏಳಲಿಲ್ಲ. ಕೂತಲ್ಲಿಂದಲೇ, ಹಾಗಾದರೆ ಬಂಡಿಗೇನು ಹಚ್ಚುವುದು ಎಂದು ಕೇಳಿದ.

“ಗ್ರೀಸ್ ಹಚ್ಚು,” ಅಂದೆ.