ಮಣ್ಣಿನ ರೊಟ್ಟಿಯ ಲೆಕ್ಕ

ಹುಕ್ಕೇರಿಯ ಶಿಕ್ಷಕರ ತರಬೇತಿಯಲ್ಲಿ ನಮಗೆ ಹೇಳಿಕೊಟ್ಟದ್ದು ಇಷ್ಟು: ಕೆಲವು ಮಕ್ಕಳು ಕೇಳಿ ಕಲಿಯುತ್ತಾರೆ, ಕೆಲವರು ನೋಡಿ, ಇನ್ನು ಕೆಲವರು ಕೈಯಿಂದ ಮಾಡಿ. ಇಡೀ ತರಗತಿಗೆ ಒಂದೇ ಪಾಠ ಒದರಿದರೆ ಆಗುವುದಿಲ್ಲ. ಎಲ್ಲ ತರಬೇತಿಗಳಂತೆ ಇದನ್ನೂ ಉಪ್ಪಿಟ್ಟಿನ ಜೊತೆ ನುಂಗಿ ಗೋಕಾಕದ ಬಸ್ಸು ಹತ್ತಿಬಿಡಬೇಕಿತ್ತು ನಾನು. ಹಾಗೆ ಮಾಡಲಿಲ್ಲ, ನಂಬಿಬಿಟ್ಟೆ.

ಘೋಡಗೇರಿಯ ಆಚೆಗಿನ ನಮ್ಮ ಶಾಲೆಯ ಐದನೆಯ ತರಗತಿಯಲ್ಲಿ ಒಬ್ಬ ಹುಡುಗಿ ಇದ್ದಳು. ಅವಳ ಅವ್ವ ಕಂಡವರ ಹೊಲದಲ್ಲಿ ಕಳೆ ಕಸ ತೆಗೆಯುವವಳು. ಮಗಳು ವಸತಿ ಶಾಲೆಯ ಪ್ರವೇಶ ಪರೀಕ್ಷೆ ಪಾಸಾಗಬೇಕು, ತನ್ನ ಹಾಗೆ ಬಿಸಿಲಲ್ಲಿ ಬೆನ್ನು ಬಗ್ಗಿಸಬಾರದು ಎಂಬುದೊಂದೇ ಆಸೆ ಅವಳಿಗೆ. ಹುಡುಗಿಗೋ ಭಿನ್ನರಾಶಿ ತಲೆಗೇ ಹೋಗುತ್ತಿರಲಿಲ್ಲ. ಎರಡಕ್ಕಿಂತ ಮೂರು ದೊಡ್ಡದು, ಹಾಗಾಗಿ ಅರ್ಧಕ್ಕಿಂತ ಮೂರನೇ ಒಂದು ಭಾಗ ದೊಡ್ಡದು ಎಂದು ಹಟ ಹಿಡಿಯುತ್ತಿದ್ದಳು. ಬೋರ್ಡಿನ ಮೇಲೆ ಬರೆದು ಬರೆದು ಸಾಕಾಗಿ, ಒಂದು ದಿನ ಹೊಳೆದಂಡೆಯ ಜಿಗಟು ಮಣ್ಣು ತರಿಸಿ ಅವಳ ಮುಂದಿಟ್ಟೆ. ರೊಟ್ಟಿ ತಟ್ಟು ಎಂದೆ. ತಟ್ಟಿದಳು, ದಾರದಿಂದ ಕೊಯ್ದಳು, ತುಂಡಿನ ಮೇಲೆ ತುಂಡು ಇಟ್ಟು ನೋಡಿದಳು.

"ಅಯ್ಯ, ಮಂದಿ ಹೆಚ್ಚಾದ್ರ ತುಂಡ ಸಣ್ಣದಾಗ್ತೈತಲ್ರಿ ಅಕ್ಕೋರ!"

ನನಗೆ ಆ ದಿನ ಆದ ಸಂತೋಷ ಪಗಾರದ ದಿನವೂ ಆಗಿಲ್ಲ. ಅಂದಿನಿಂದ ಅವಳಂಥ ನಾಲ್ಕೈದು ಮಕ್ಕಳಿಗೆ ವರಾಂಡದಲ್ಲಿ ಮಣ್ಣು, ಉಳಿದವರಿಗೆ ಒಳಗೆ ಬೋರ್ಡು. ವಾರ ಕಳೆಯುವುದರೊಳಗೆ ಅವ್ವ ಬಂದಳು. ಕಸ ತೆಗೆಯುವ ಖುರಪಿ ಕೈಯಲ್ಲೇ ಇತ್ತು.

"ಗೌಡ್ರ ಮಗಾ ಒಳಗ ಕುಂತು ಬರಿಯಾಕತ್ತಾನ. ನನ್ನ ಮಗಳು ಯಾಕ ಮಣ್ಣು ಕಲಸಬೇಕ್ರಿ?"

"ಆಕಿಗೆ ಹಂಗ ತಿಳೀತೈತಿ ಯವ್ವಾ. ಕೈಲೆ ಮಾಡಿದ್ರ ತಲಿಗಿ ಹೋಗ್ತೈತಿ."

"ಕೈಲೆ ಮಾಡೂದು ನಾನ ಕಲಿಸ್ತೇನ್ರಿ. ಅದು ತಪ್ಪಲಿ ಅಂತ ಸಾಲಿಗಿ ಕಳಸೇನಿ. ಆಕೀನ್ನೂ ಬರಿಯಾಕ ಹಚ್ಚರಿ, ಇಲ್ಲಾಂದ್ರ ಸಾಲಿನ ಬಿಡಸ್ತೇನಿ."

ಇದಕ್ಕೆ ಉತ್ತರ ಏನೆಂದು ತರಬೇತಿಯಲ್ಲಿ ಹೇಳಿರಲಿಲ್ಲ. ಎಲ್ಲರಿಗೂ ಮಣ್ಣು ಕೊಟ್ಟರಾಯಿತು ಎಂದುಕೊಂಡು ಹಾಗೇ ಮಾಡಿದೆ. ಗೌಡರ ಮನೆಯಿಂದ ತಕರಾರು ಬಂತು, ಅಂಗಿ ಹೊಲಸಾಗುತ್ತದಂತೆ! "ಯಾಕ್ ಬೇಕ್ರಿ ಇಲ್ಲದ ಉಸಾಬರಿ" ಎಂದು ಹೆಡ್‌ಮಾಸ್ತರರು ಮಣ್ಣನ್ನು ಗಿಡಗಳ ಬುಡಕ್ಕೆ ಸುರಿಸಿದರು.

ಹುಡುಗಿ ಒಳಗೆ ಬಂದಳು. ಬೋರ್ಡಿನ ಮೇಲಿದ್ದುದನ್ನು ಮುದ್ದಾಗಿ ನಕಲು ಮಾಡುತ್ತಿದ್ದಳು, ಅವ್ವ ಆಗಾಗ ಕಿಟಕಿಯಲ್ಲಿ ಇಣುಕಿ ಹಿಗ್ಗುತ್ತಿದ್ದಳು. ಪರೀಕ್ಷೆ ಹತ್ತಿರವಾದಾಗ ಪಕ್ಕದಲ್ಲಿ ಕೂರಿಸಿಕೊಂಡು ಕೇಳಿದೆ, ಅರ್ಧ, ಮೂರನೇ ಒಂದು, ಯಾವುದು ದೊಡ್ಡದು? ಅವಳ ಬೆರಳುಗಳು ಬೆಂಚಿನ ಮೇಲೆ ರೊಟ್ಟಿ ತಟ್ಟತೊಡಗಿದವು. ಥಟ್ಟನೆ ಏನೋ ನೆನಪಾಗಿ ಎರಡೂ ಕೈಗಳನ್ನು ತೊಡೆಯ ಕೆಳಗೆ ಒತ್ತಿಕೊಂಡಳು.

"ಕೈ ಆಡಸಬ್ಯಾಡ ಅಂದಾಳ್ರಿ ಅವ್ವ."

ಆಮೇಲೆ ಉತ್ತರ ಕೊಟ್ಟಳು, ಮೂರನೇ ಒಂದು. ನನಗೆ ಅಳು ಬಂತು. ಸಿಟ್ಟೂ ಬಂತು, ಯಾರ ಮೇಲೆ ಎಂದು ಇವತ್ತಿಗೂ ತಿಳಿದಿಲ್ಲ. ಅವ್ವ ಕೇಳಿದ್ದರಲ್ಲಿ ತಪ್ಪೇನಿತ್ತು?

ಹುಡುಗಿ ವಸತಿ ಶಾಲೆಗೆ ಆಯ್ಕೆಯಾಗಲಿಲ್ಲ. ಬಸ್ಸಿಗೆ ಕಾಯುತ್ತಿದ್ದಾಗ ಅವ್ವ ಸಿಕ್ಕಳು. ಬೈಯುತ್ತಾಳೆಂದು ಕಾದೆ, ಬೈದಿದ್ದರೆ ಚೆನ್ನಾಗಿತ್ತು. ನನಗೇ ಸಮಾಧಾನ ಹೇಳಿದಳು.

"ನೀವೇನ್ ಮಾಡ್ತೀರಿ ಬಿಡ್ರಿ ಅಕ್ಕೋರ, ಆಕಿಗೆ ತಲೀನ ಇಲ್ಲ. ಈಗ ನನ್ನ ಕೂಡ ಕಸಾ ತಗಿಯಾಕ ಬರಾಕತ್ತಾಳ. ಕೈ ಮಾತ್ರ ಭಾಳ ಚುರುಕ ಅದಾವ ನೋಡ್ರಿ."