ಗುರುವಾರದ ಕಾಲುಚೀಲಗಳು

ಮೊನ್ನೆ ಶನಿವಾರ ಬೆಳಿಗ್ಗೆ ಅಡುಗೆಮನೆಗೆ ಬಂದರೆ ಒದ್ದೆ ಉಣ್ಣೆಯ ವಾಸನೆ. ಹಿಂದಿನ ದಿನ ಹಿಮದಲ್ಲಿ ಹೊರಳಾಡಿ ಬಂದ ಮಗಳು ಕೈಗವಸುಗಳನ್ನು ಮನೆ ಬೆಚ್ಚಗಿಡುವ ರೇಡಿಯೇಟರ್ ಮೇಲೆ ಎಸೆದು ಮಲಗಿದ್ದಳು. ಅದು ಸುವಾಸನೆ ಎಂದು ನಾನು ವಾದಿಸುವುದಿಲ್ಲ. ಚಳ್ಳಕೆರೆ ಕಡೆಯವನಾದ ನನಗೆ ನ್ಯಾಯವಾಗಿ ಊರಿನ ಕಂಬಳಿ ನೆನಪಾಗಬೇಕಿತ್ತು. ನೆನಪಾದದ್ದು ಮಾತ್ರ ಸ್ವೀಡನ್ನಿನ ಓರೆಬ್ರೂ ಊರಿನ ಒಂದು ಚರ್ಚಿನ ನೆಲಮಾಳಿಗೆ, ಅಲ್ಲಿ ಎರಡೂ ಕೈಗೆ ನೂಲು ಸುತ್ತಿಸಿಕೊಂಡು ಕುರ್ಚಿಯಲ್ಲಿ ಕೂತಿದ್ದ ನಾನು.

ಗಾಬರಿಯಾಗಬೇಡಿ, ನಾನಾಗಿಯೇ ಹೋಗಿ ಕೂತಿದ್ದೆ. ಆಗ ನನ್ನ ಹೆಂಡತಿ ಸುಜಾತ ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿ ಮಾಡುತ್ತಿದ್ದಳು. ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳಿಕೊಂಡಿದ್ದ ನಾನು ರಜೆ ಹಾಕಿ ಅವಳ ಹಿಂದೆ ಬಂದಿದ್ದೆ. ಗಂಟೆಗಟ್ಟಲೆ ಮಾತಾಡಿ ಸಂಬಳ ಪಡೆದ ಪ್ರಾಣಿಯನ್ನು ಬಸ್ಸಿನಲ್ಲಿ ಕೂಡ ಯಾರೂ ಬಾಯಿ ಬಿಡದ ಊರಿನಲ್ಲಿ ತಂದು ಬಿಟ್ಟರೆ ಏನಾಗುತ್ತದೆ? ಬೆಳಿಗ್ಗೆ ಅವಳು ಹೋದರೆ ಸಂಜೆಯವರೆಗೆ ನಾನು ಫ್ರಿಜ್ಜಿನೊಂದಿಗೆ ಮಾತಾಡುತ್ತಿದ್ದೆ. ಹೀಗಿರುವಾಗ ಚರ್ಚಿನ ಬಾಗಿಲಲ್ಲಿ ಒಂದು ಚೀಟಿ ಕಂಡಿತು: ಗುರುವಾರ ಮಧ್ಯಾಹ್ನ ಕಾಫಿ, ಮಾತುಕತೆ, ಎಲ್ಲರಿಗೂ ಸ್ವಾಗತ. ಮಾತುಕತೆ ಎಂಬುದನ್ನು ಓದಿಯೇ ನನ್ನ ಕಣ್ಣು ತುಂಬಿತು.

ಒಳಗಿದ್ದವರೆಲ್ಲ ಅಜ್ಜಿಯರು. ಎಲ್ಲರ ಕೈಯಲ್ಲೂ ಹೆಣಿಗೆ ಕಡ್ಡಿ. ಮುಖ್ಯಸ್ಥೆ ಬ್ರಿಟ್ಟಾ, ಎಂಬತ್ತು ದಾಟಿದವರು. ನನ್ನನ್ನು ಮೇಲಿಂದ ಕೆಳಗೆ ನೋಡಿ, "ಕೈ ಖಾಲಿ ಇದೆಯಾ?" ಎಂದರು. ಸ್ವೀಡಿಷ್‌ನಲ್ಲಿ ಎಲ್ಲರಿಗೂ ಎಲ್ಲರೂ 'ನೀನು'. ನಾನು ಮಾತ್ರ ಮನಸ್ಸಿನಲ್ಲೇ ಅವರನ್ನು 'ನೀವು' ಮಾಡಿಕೊಂಡಿದ್ದೆ. ಖಾಲಿ ಇದೆ ಎಂದದ್ದೇ ತಡ, ನನ್ನ ಎರಡು ಮುಂಗೈಗಳಿಗೆ ನೂಲಿನ ಲಡಿ ಹಾಕಿ, ಎದುರು ಕೂತು ಉಂಡೆ ಸುತ್ತತೊಡಗಿದರು. ಕೈ ಆಡಿಸದೆ ಮಾತಾಡುವುದು ಎಷ್ಟು ಕಷ್ಟ ಎಂದು ಅವತ್ತು ಗೊತ್ತಾಯಿತು.

ಸುದ್ದಿ ಚಳ್ಳಕೆರೆಗೆ ಮುಟ್ಟಿತು. ಫೋನಿನಲ್ಲಿ ಅಮ್ಮ, "ಚರ್ಚಿಗೆ ಹೋಗ್ತೀಯಂತೆ?" ಎಂದಳು.

"ಕಾಫಿ ಕುಡಿಯೋಕೆ ಕಣಮ್ಮ."

"ಯಾಕೆ, ಮನೇಲಿ ಕಾಫಿಪುಡಿ ಆಗೋಗೈತಾ?"

ಬ್ರಿಟ್ಟಾ ನನ್ನನ್ನು ಮತಾಂತರಿಸುವ ಪ್ರಯತ್ನವನ್ನೇನೂ ಮಾಡಲಿಲ್ಲ. ಅವರಿಗೆ ಅಷ್ಟು ಪುರುಸೊತ್ತೂ ಇರಲಿಲ್ಲ, ಏಕೆಂದರೆ ಕಾಲುಚೀಲಗಳು ಆಗಬೇಕಿತ್ತು. ಅಮೆರಿಕದ ಮರುಭೂಮಿಯಲ್ಲಿ, ಡಾಂಬರು ರಸ್ತೆ ಮುಗಿದ ಮೇಲೂ ಬಹಳ ದೂರ ಹೋದರೆ ಸಿಗುವ, ಅಲ್ಲಿನ ಮೂಲನಿವಾಸಿಗಳಾದ ನವಾಹೊ ಜನರ ಒಂದು ಹಟ್ಟಿಯಲ್ಲಿ ಅವರ ಚರ್ಚು ನೆರವಾಗುತ್ತಿದ್ದ ಮಿಷನ್ ಇತ್ತು. ಒಂದು ಸಣ್ಣ ಗುಡಿಸಲಿನಂಥ ಚರ್ಚು, ಒಬ್ಬ ನರ್ಸು, ಸುತ್ತಲಿನವರೆಲ್ಲ ಪೀಪಾಯಿ ತಂದು ನೀರು ತುಂಬಿಸಿಕೊಳ್ಳುವ ಒಂದು ಬಾವಿ. ಅಲ್ಲಿ ರಾತ್ರಿ ಕೊರೆಯುವ ಚಳಿಯಂತೆ. ಆದ್ದರಿಂದ ಪ್ರತಿ ವರ್ಷ ಓರೆಬ್ರೂವಿನಿಂದ ಉಣ್ಣೆಯ ಕಾಲುಚೀಲಗಳು ಪೆಟ್ಟಿಗೆಗಟ್ಟಲೆ ಹೋಗುತ್ತಿದ್ದವು. ಬ್ರಿಟ್ಟಾ ಮದುವೆಯಾದ ಹೊಸದರಲ್ಲಿ ಶುರುವಾದದ್ದು, ಮೊಮ್ಮಕ್ಕಳಿಗೆ ಮದುವೆಯಾದರೂ ನಿಂತಿರಲಿಲ್ಲ.

ಗೋಡೆಯ ಮೇಲೆ ಆ ಊರಿನ ಫೋಟೊ ಇತ್ತು. ಕೆಂಪು ನೆಲ, ಬಿಳಿ ಚರ್ಚು, ಅದರ ಮುಂದೆ ಜನ. ಕುರಿ ಕಾಯುವವರ ನಡುವೆ ಬೆಳೆದ ನನ್ನ ಕಣ್ಣು ಮಾತ್ರ ಜನರ ಹಿಂದಕ್ಕೆ ಹೋಯಿತು. ಅಲ್ಲಿ ಮಂದೆ ಮಂದೆ ಕುರಿಗಳು. ಕುರಿ ಇದ್ದ ಮೇಲೆ ಉಣ್ಣೆ ಇರಬೇಕು, ಉಣ್ಣೆ ಇದ್ದ ಮೇಲೆ ನೇಯುವವರೂ ಇರಬೇಕಲ್ಲ ಎಂದು ಹೊಳೆಯಿತು. ಬಾಯಿ ತೆರೆದೆ. ಎದುರಿಗೆ ಬ್ರಿಟ್ಟಾ ಊದಿದ ಗೆಣ್ಣುಗಳ ಬೆರಳಿನಲ್ಲಿ ಹಿಮ್ಮಡಿಯ ತಿರುವು ಹೆಣೆಯುತ್ತಿದ್ದರು. ಬಾಯಿ ಮುಚ್ಚಿದೆ.

ಮರುವರ್ಷ ಚಳಿಗಾಲ ಮುಗಿಯುವ ಹೊತ್ತಿಗೆ ಆ ಮಿಷನ್‌ನಿಂದ ಒಬ್ಬರು ಬರುತ್ತಾರೆಂದು ಗೊತ್ತಾಯಿತು. ಹೆಸರು ಲೊರೇನ್, ಅಲ್ಲೇ ಹುಟ್ಟಿ ಬೆಳೆದ ನವಾಹೊ ಹೆಂಗಸು. ಈಗ ಮಿಷನ್ ನಡೆಸುವವರೇ ಅವರು. ಅಜ್ಜಿಯರಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ದುಭಾಷಿ ಯಾರು? ನಾನು ಎದೆಯುಬ್ಬಿಸಿಕೊಂಡು ಮನೆಗೆ ಬಂದೆ. ಸುಜಾತ ಲ್ಯಾಪ್‌ಟಾಪಿನಿಂದ ತಲೆ ಎತ್ತದೆ, "ರೀ, ಅವ್ರು ಹೇಳಿದ್ದಷ್ಟೇ ಟ್ರಾನ್ಸ್‌ಲೇಟ್ ಮಾಡಿ. ನಿಮ್ ಕಾಮೆಂಟರಿ ಸೇರಿಸ್ಬೇಡಿ," ಎಂದಳು.

ರೈಲು ನಿಲ್ದಾಣದಿಂದ ಲೊರೇನರನ್ನು ಕರೆತರುವ ಕೆಲಸವೂ ನನ್ನದೇ ಆಗಿತ್ತು. ಐವತ್ತರ ಆಸುಪಾಸಿನ ಗಟ್ಟಿ ಹೆಂಗಸು. ಕೈ ಕುಲುಕಿದ್ದು ಮಾತ್ರ ಮುಟ್ಟಿದಂತೆಯೇ ಇರಲಿಲ್ಲ, ಅಷ್ಟು ಹಗುರ. ದಾರಿಯುದ್ದಕ್ಕೂ ನಾನು ಕೋಟೆ, ನದಿ, ಹಿಮ, ಚಳ್ಳಕೆರೆಯ ಬಿಸಿಲು, ಗುರುವಾರ ಬ್ರಿಟ್ಟಾ ನನ್ನ ಕೈಗೆ ನೂಲು ಹಾಕಿ ಕೂರಿಸುವುದು ಎಲ್ಲವನ್ನೂ ವಿವರಿಸಿದೆ. ಅವರು ಕೇಳಿಸಿಕೊಂಡರು. ಸೇತುವೆಯ ಹತ್ತಿರ ನಿಂತು, "ನೀನು ತುಂಬ ಮಾತಾಡ್ತೀಯ," ಎಂದರು. ಮುಖದಲ್ಲಿ ನಗು ಇರಲಿಲ್ಲ, ಕಣ್ಣಿನಲ್ಲಿತ್ತು. ಆಮೇಲೆ ಬಹಳ ಹೊತ್ತು ನದಿ ನೋಡಿ ಕೇಳಿದರು: "ಆ ಕಾಲುಚೀಲ ಹೆಣೆಯೋ ಅಮ್ಮನಿಗೆ ವಯಸ್ಸೆಷ್ಟು?"

ಹೇಳಿದೆ.

"ನಮ್ಮ ಮನೆಯಲ್ಲೇ ಕುರಿ ಇವೆ. ನನ್ನ ತಾಯಿ ನೇಯ್ತಾರೆ. ಇವರು ಕಳಿಸಿದ್ದು ಕಪಾಟು ತುಂಬಿ, ಚರ್ಚಿನ ಬೆಂಚಿನ ಕೆಳಗೂ ತುಂಬಿದೆ. ವಯಸ್ಸಾದವರು ಕೈಯಾರೆ ಮಾಡಿದ್ದನ್ನ ಬೇಡ ಅನ್ನೋದು ನಮ್ಮಲ್ಲಿ ಇಲ್ಲ. ಹೇಗೆ ಹೇಳಲಿ?"

ನಮ್ಮಲ್ಲೂ ಇಲ್ಲ ಎಂದೆ. ಇನ್ನೇನು, ಹೇಳುವವರು ಅವರಾದರೂ ಬ್ರಿಟ್ಟಾರ ಕಿವಿಗೆ ಬೀಳುವುದು ನನ್ನ ಬಾಯಿಂದ. ಒಬ್ಬ ಅಜ್ಜಿಯ ಇಡೀ ಆಯುಷ್ಯದ ಗುರುವಾರಗಳು ದಂಡ ಎಂದು, ಅದೂ ನನ್ನ ಅರೆಬೆಂದ ಸ್ವೀಡಿಷ್‌ನಲ್ಲಿ! ಚರ್ಚಿನ ಮೆಟ್ಟಿಲು ಇಳಿಯುವಾಗ ಆ ವಾಕ್ಯವನ್ನು ಮನಸ್ಸಿನಲ್ಲೇ ಜೋಡಿಸಿ, ಒಡೆದು, ಮತ್ತೆ ಜೋಡಿಸುತ್ತಿದ್ದೆ.

ಅವತ್ತು ಮೇಜಿನ ತುಂಬ ಏನೇನೋ ಬಗೆಯ ಬಿಸ್ಕತ್ತು, ಏಲಕ್ಕಿ ಬನ್ನು. ಕಾಫಿ ಸುರಿದದ್ದೇ ಬ್ರಿಟ್ಟಾ ನೇರವಾಗಿ ಕೇಳಿದರು: "ಕಾಲುಚೀಲಗಳು ನಿಮ್ಮವರ ಕಾಲಿಗೆ ಸರಿಹೋಗುತ್ತವೆಯಾ?"

ನಾನು ಅನುವಾದಿಸಿದೆ. ಲೊರೇನ್ ಸುಮ್ಮನಾದರು. ಆ ಮೌನ ಉದ್ದವಾಗುತ್ತ ಹೋಯಿತು. ವಿಚಿತ್ರವೆಂದರೆ ಆ ಕೋಣೆಯಲ್ಲಿ ಅದರಿಂದ ಒದ್ದಾಡುತ್ತಿದ್ದವನು ನಾನೊಬ್ಬನೇ. ಸ್ವೀಡನ್ನಿನ ಅಜ್ಜಿಯರು ಹಾಯಾಗಿ ಕಾಫಿ ಕುಡಿಯುತ್ತಿದ್ದರು. ಮೌನ ಕಂಡರೆ ತುಂಬಿಸುವುದು ನಮ್ಮ ಕಡೆಯವರ ಜಾಯಮಾನ. 'ಹೌದಂತೆ, ಬೆಚ್ಚಗಿವೆಯಂತೆ' ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಸುಜಾತಳ ಮಾತು ನೆನಪಾಗಿ ಇಡೀ ಬನ್ನನ್ನು ಬಾಯಿಗೆ ತುರುಕಿಕೊಂಡೆ.

ಲೊರೇನ್ ಬಾಯಿ ಬಿಟ್ಟರು. ಒಂದೊಂದೇ ವಾಕ್ಯ. ನಮ್ಮಲ್ಲಿ ಕುರಿಗಳಿವೆ. ನನ್ನ ತಾಯಿ ನೇಯುತ್ತಾರೆ. ನಿಮ್ಮ ಕೆಲಸ ತುಂಬ ಚಂದ, ಅದು ಅವರಿಗೂ ಗೊತ್ತು. ಆದರೆ ಕಾಲುಚೀಲ ಸಾಕು, ಅಮ್ಮ. ನಾನು ಬನ್ನು ನುಂಗಿ, ಒಂದಕ್ಷರ ಸೇರಿಸದೆ, ಒಂದಕ್ಷರ ಬಿಡದೆ, ನೆಲ ನೋಡಿಕೊಂಡು ಹೇಳಿ ಮುಗಿಸಿದೆ.

ಬ್ರಿಟ್ಟಾ ಕಾಫಿ ಕಪ್ಪು ಕೆಳಗಿಟ್ಟರು. ತೊಡೆಯ ಮೇಲಿದ್ದ ಅರ್ಧ ಕಾಲುಚೀಲವನ್ನು ನೋಡಿದರು. ಕಡ್ಡಿಗಳನ್ನು ಎಳೆದು ಮೇಜಿನ ಮೇಲಿಟ್ಟರು. ಬೆರಳುಗಳನ್ನು ಒಂದೊಂದಾಗಿ ನೆಟ್ಟಗೆ ಮಾಡಲು ನೋಡಿದರು.

"ದೇವರಿಗೆ ಸ್ತೋತ್ರ," ಎಂದರು. "ಎಷ್ಟೋ ವರ್ಷದಿಂದ ಈ ಕೈ ನೋಯುತ್ತಿದೆ. ನಿಲ್ಲಿಸಿದರೆ ನಿಮಗೆ ಚಳಿಯಾಗುತ್ತದಲ್ಲ ಎಂದು ಹೆಣೆಯುತ್ತಿದ್ದೆ."

"ಬೇಡ ಅಂದರೆ ನಿಮಗೆ ನೋವಾಗುತ್ತದಲ್ಲ ಎಂದು ನಾವು ಇಟ್ಟುಕೊಳ್ಳುತ್ತಿದ್ದೆವು," ಎಂದರು ಲೊರೇನ್.

ಮೊದಲು ನಕ್ಕವರು ಯಾರೋ ಗೊತ್ತಾಗಲಿಲ್ಲ. ಬ್ರಿಟ್ಟಾ ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ನಗು ಇಳಿದ ಮೇಲೆ ಕೇಳಿದರು: "ಹಾಗಾದರೆ ನಿಮಗೆ ನಿಜವಾಗಿ ಬೇಕಾದದ್ದೇನು?"

ಲೊರೇನ್ ಮತ್ತೆ ಮೌನ. ಈ ಸಲ ನನಗೆ ಅಷ್ಟು ಕಷ್ಟವಾಗಲಿಲ್ಲ. "ನನ್ನ ತಾಯಿಯನ್ನು ಚಿಕ್ಕವಳಿದ್ದಾಗ ಬೇರೊಂದು ಮಿಷನ್ನಿನವರು ಶಾಲೆಗೆ ಒಯ್ದರು. ಕೂದಲು ಕತ್ತರಿಸಿದರು, ಮನೆಮಾತು ಆಡಬಾರದೆಂದರು. ಕೊಟ್ಟವರೂ ಕಿತ್ತುಕೊಂಡವರೂ ಯಾರೂ ಹೀಗೆ ಕೇಳಿರಲಿಲ್ಲ. ಊರಿಗೆ ಹೋಗಿ ಎಲ್ಲರನ್ನೂ ಕೇಳಿ ಹೇಳುತ್ತೇನೆ," ಎಂದರು. ಬ್ರಿಟ್ಟಾ ಎದ್ದು ಹೋಗಿ ಅವರ ಪಕ್ಕದ ಕುರ್ಚಿಯಲ್ಲಿ ಕೂತರು.

ಆಮೇಲೆ ಒಬ್ಬ ಅಜ್ಜಿ ಮೆಲ್ಲಗೆ, ಇನ್ನು ಗುರುವಾರ ಬಂದು ಮಾಡುವುದೇನು ಎಂದರು. ನಮ್ಮ ಮನೆಯ ಫ್ರಿಜ್ಜಿನ ಮುಖ ನನ್ನ ಕಣ್ಣಮುಂದೆ ಬಂತು. "ಕಾಫಿ ಕುಡಿಯಿರಿ," ಎಂದರು ಲೊರೇನ್. "ಸ್ವಲ್ಪ ನೂಲು ಮಾತ್ರ ಇಟ್ಟುಕೊಂಡಿರಿ. ಇವನ ಕೈ ಕಟ್ಟಬೇಕಲ್ಲ." ಅದನ್ನೂ ಪ್ರಾಮಾಣಿಕವಾಗಿ ಅನುವಾದಿಸಿದೆ.

ಗುರುವಾರ ನಿಲ್ಲಲಿಲ್ಲ. ನಾವು ಈಗಿರುವ ವೆಸ್ಟೆರಾಸ್ ಊರಿಗೆ ಮನೆ ಬದಲಿಸುವವರೆಗೂ ನಾನು ತಪ್ಪಿಸಲಿಲ್ಲ.

ಮೊನ್ನೆಯ ಮಾತಿಗೆ ಬರುತ್ತೇನೆ. ಪ್ರತಿ ಶನಿವಾರದಂತೆ ಮಗಳನ್ನು ರೈಲಿನಲ್ಲಿ ಸ್ಟಾಕ್‌ಹೋಮಿನ ಭರತನಾಟ್ಯದ ಕ್ಲಾಸಿಗೆ ಕರೆದೊಯ್ಯುತ್ತಿದ್ದೆ. ಅವಳು ಕಿಟಕಿಗೆ ಹಣೆ ಒತ್ತಿ ಕೂತಿದ್ದಳು. "ಪುಟ್ಟಿ, ನಿಂಗೆ ಡ್ಯಾನ್ಸ್ ನಿಜವಾಗ್ಲೂ ಇಷ್ಟಾನಾ?" ಎಂದು ಕೇಳಿದೆ. ಅವಳು ಸುಮ್ಮನಾದಳು. ಎಂದಿನ ನಾನಾಗಿದ್ದರೆ 'ಇಷ್ಟಾನೇ ಅಲ್ವಾ, ಎಷ್ಟು ಚೆನ್ನಾಗಿ ಮಾಡ್ತೀಯ' ಎಂದು ನಾನೇ ಉತ್ತರ ಹೇಳಿ ಮುಗಿಸುತ್ತಿದ್ದೆ. ತುಟಿ ಬಿಗಿಹಿಡಿದು ಕೂತೆ. ಒಂದು ನಿಲ್ದಾಣ ಬಂತು, ಹೋಯಿತು.

"ಇಷ್ಟ ಇಲ್ಲ," ಎಂದಳು, ಸ್ವೀಡಿಷ್‌ನಲ್ಲಿ. ಸ್ವಲ್ಪ ಹೊತ್ತು ಬಿಟ್ಟು, "ಆದ್ರೆ ಪಪ್ಪಾ, ನಿನ್ ಜೊತೆ ಟ್ರೇನಲ್ಲಿ ಬರೋದು ಇಷ್ಟ."

ಅಬ್ಬಾ ಎನಿಸಿತು. ಅವಳಿಗೆ ಬೇಕು ಎಂದುಕೊಂಡು ನಾನು ಆ ಕ್ಲಾಸಿನ ಹೊರಗೆ ಎಷ್ಟು ಚಳಿಗಾಲ ಕಾಲು ಕುಟ್ಟುತ್ತ ನಿಂತಿದ್ದೆನೋ. ಹಾಗಾದರೆ ಮುಂದಿನ ಶನಿವಾರ ರೈಲು ಹತ್ತಿ ಎಲ್ಲಿಗೆ ಹೋಗೋಣ ಎಂದು ಕೇಳಿದೆ. ಅದಕ್ಕೂ ಅವಳು ಯೋಚಿಸುತ್ತ ಕೂತಳು. ನಾನು ಕಾದೆ.